ಅಕ್ಕನ ಬಗ್ಗೆ ಬರೆದ ಮಧ್ಯಾಹ್ನ

ಈಗಲೂ ಹೊಸ ಹತ್ತಿಯ ವಾಸನೆ ಬಂದರೆ ಮೊರಬದ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕ ಮದುವೆಯಾಗಿ ಶಲವಡಿಗೆ ಹೋಗಿ ವಾರವೂ ಆಗಿರಲಿಲ್ಲ. "ಒಂದ ವಿಷಯ ಬ್ಯಾರೆ ಬ್ಯಾರೆ ರೀತಿ ಬರದು ನೋಡ್ರಿ, ಬರವಣಗಿ ಸುಧಾರಸ್ತೈತಿ" ಎಂದು ಸಾಲೆಯಲ್ಲಿ ಮಾಸ್ತರರು ಹೇಳಿದ್ದರು. ನಾನು ಅಕ್ಕನ ಬಗ್ಗೆಯೇ ಬರೆದೆ. ಹತ್ತಿಯೊಳಗಿನ ಕಸ ಆರಿಸುತ್ತ ಕೂತಿದ್ದ ಅವ್ವನಿಗೆ ಓದಿ ತೋರಿಸಿದೆ.

ಮೊದಲನೆಯದು ಪಠ್ಯಪುಸ್ತಕದ ಹಾಗಿತ್ತು: "ನನ್ನ ಅಕ್ಕ ಸದ್ಗುಣಗಳ ಗಣಿ."

"ಯಾರ ಅಕ್ಕ ಅಕಿ?" ಎಂದಳು ಅವ್ವ.

ಎರಡನೆಯದನ್ನು ರೇಡಿಯೋ ವಾರ್ತೆಯ ಧಾಟಿಯಲ್ಲಿ ಓದಿದೆ: "ನವವಧು ಶಲವಡಿಗೆ ಪ್ರಯಾಣ ಬೆಳೆಸಿದರು." ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ನನಗೆ ಸಿಟ್ಟು ಬಂತು. ಮೂಲೆಗೆ ಹೋಗಿ ಕೂತು, ಮನಸ್ಸಿಗೆ ಬಂದದ್ದನ್ನು ನಾವು ಮಾತಾಡುವ ಹಾಗೆಯೇ ಬರೆದು ತಂದೆ: "ಅಕ್ಕ ಹೋದಾಗಿಂದ ನಸುಕಿನ್ಯಾಗ ಬಾಜೂಕ ಕೈ ಆಡಸ್ತೀನಿ. ಕೌದಿ ತಣ್ಣಗಿರತೈತಿ."

ಅವ್ವನ ಕೈ ಹತ್ತಿಯಲ್ಲೇ ನಿಂತಿತು.

"ಇನ್ನೊಮ್ಮಿ ಓದು" ಎಂದಳು. ಓದಿದೆ.

ಅಂದು ರಾತ್ರಿ ಹಾಸಿಗೆ ಹಾಸುವಾಗ ಅವ್ವ ತನ್ನ ಕೌದಿಯನ್ನು ನನ್ನ ಪಕ್ಕಕ್ಕೆ ಎಳೆದು ತಂದಳು.

"ತುಸು ಸರದು ಮಲಕೋ, ಯವ್ವಾ" ಎಂದಳು.