ಹಗಲಲ್ಲೇ ಕಿತ್ತ ಹಂಚು

ಸೂರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸಿದ್ದಮಲ್ಲಪ್ಪ ಇನ್ನೊಂದು ಹಂಚು ಕಿತ್ತ. ಎಸೆಯಲಿಲ್ಲ, ಜೋಪಾನವಾಗಿ ಪಕ್ಕಕ್ಕಿಟ್ಟ. ಬಿಸಿಲು ಸೀದಾ ಒಳಗಿನ ಬಾಣಂತಿಯ ಚಾಪೆಯ ಮೇಲೆ ಬಿತ್ತು. ಕೂಸು ಕಿರುಚಿತು. ಅವನ ಕೈ ಒಂದು ಗಳಿಗೆ ತಡೆಯಿತು, ಮತ್ತೆ ಮುಂದುವರಿಯಿತು.

ಪಿರಿಯಾಪಟ್ಟಣಕ್ಕೆ ಮುಂಗಾರು ಇನ್ನೇನು ಬರುವುದರಲ್ಲಿತ್ತು. ಅಷ್ಟರೊಳಗೆ ಈ ಮನೆಯ ತಕರಾರು ತೀರಲೇಬೇಕಿತ್ತು. ಒಳ್ಳೆಯ ಮಾತಿಗೆ ಜಗ್ಗದವರನ್ನು ಜಗ್ಗಿಸಲು ಅವನಿಗೆ ಉಳಿದಿದ್ದ ದಾರಿ ಇದೊಂದೇ.

ಪಕ್ಕದ ಹಳ್ಳಿಯಿಂದ ಮೊಸರು ಮಾರಲು ಬಂದಿದ್ದ ರಾಮಮ್ಮ ಕುಕ್ಕೆ ಇಳಿಸಿ ಬಾಯಿ ಮಾಡಿದಳು.

"ಏನ್ ಮನುಸನಯ್ಯಾ ನೀನು! ಒಳಗೆ ಬಾಣಂತಿ ಮನಗವ್ಳೆ, ಕಣ್ ಕಾಣಾಕಿಲ್ವಾ? ಮಳೆ ಬಂದ್ರೆ ಏನ್ ಗತಿ?"

"ಮಳೆ ಬರಾಕ್ ಮುಂಚೆ ಕೆಲ್ಸ ಆಗ್ಲಿ ಅಂತ್ಲೇ ಹತ್ತಿರೋದು ಕಣಕ್ಕ."

"ಬಾಡಿಗೆಯೋರನ್ನ ಇಂಗೆಲ್ಲ ಓಡ್ಸಂಗಿಲ್ಲ ಈಗ. ಕಾನೂನು ಬಂದೈತೆ. ಜೈಲಿಗಾಕ್ತಾರೆ!"

"ಗೊತ್ತು. ಅದ್ಕೇ ಅಗಲೊತ್ತಲ್ಲೇ ಕೀಳ್ತಿರೋದು. ಊರೆಲ್ಲ ನೋಡ್ಲಿ."

"ಥೂ! ನಿಂದೇನು ಎದೆಯಾ, ಕಲ್ಲಾ?"

ಸಿದ್ದಮಲ್ಲಪ್ಪ ತಾಲ್ಲೂಕು ಕಚೇರಿ ಕಡೆಗಿನ ಬೀದಿಯನ್ನು ಮತ್ತೊಮ್ಮೆ ನೋಡಿದ. ಅಮಲ್ದಾರರು ಊಟಕ್ಕೆ ಹೋಗುವುದು ಇದೇ ದಾರಿಯಲ್ಲಿ.

ಅಷ್ಟರಲ್ಲಿ ನಂಜಯ್ಯ ಏದುಸಿರು ಬಿಡುತ್ತಾ ಓಡಿಬಂದ. ಹೆಗಲ ಟವಲು ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಏಣಿಯ ಬುಡದಲ್ಲಿ ಕೈ ಜೋಡಿಸಿ ನಿಂತ.

"ಇಳೀರಪ್ಪಾ, ನಿಮ್ಮ ದಮ್ಮಯ್ಯ! ಮನೆ ಆಳು ಮಾಡಬ್ಯಾಡಿ. ಕೂತು ಮಾತಾಡಾನ."

"ಏಸು ಸಲ ಮಾತಾಡಾದು? ಬಾಯಿ ಒಣಗೋಯ್ತು."

"ಅಮಲ್ದಾರ್ರು ಬರೋ ಒತ್ತು ಕಣ್ರೀ!"

"ಬರ್ಲಿ ಬುಡಿ."

ಬಂದೇ ಬಿಟ್ಟರು. ಕೊಡೆ ಹಿಡಿದ ಜವಾನನೂ ಹಿಂದೆಯೇ ಬಂದು ನಿಂತ. ರಾಮಮ್ಮ ಎದುರಿಗೆ ಹೋಗಿ ದೂರಿದಳು: "ಬಾಡಿಗೆಯೋರನ್ನ ಎಬ್ಸಾಕೆ ಸೂರೇ ಬಿಚ್ತಾವ್ರೆ ಸ್ವಾಮಿ! ಅಸೀ ಬಾಣಂತಿ ಒಳಗೆ!"

ಅಮಲ್ದಾರರ ಮುಖ ಕೆಂಪೇರಿತು. "ಯಾರ್ರೀ ಈ ಮನೆ ಮಾಲೀಕ? ಬನ್ರೀ ಮುಂದೆ!"

ಸಿದ್ದಮಲ್ಲಪ್ಪ ಸೂರಿನ ಮೇಲಿಂದ ಅಲ್ಲಾಡಲಿಲ್ಲ.

ಮುಂದೆ ಬಂದವನು ನಂಜಯ್ಯ.

"ನಾನ್ ಕೀಳಿಸಿಲ್ಲ ಸ್ವಾಮಿ! ಈ ಮನುಸನೇ ಬಾಡಿಗೆಯೋನು. ಒಳಗಿರೋ ಬಾಣಂತಿ ಎರ್ಗೆಗೆ ಬಂದಿರೋ ಇವನ ಮಗಳೇ. ಸೋರ್ತದೆ, ಅಂಚು ಕೈಯಾಡ್ಸಿಕೊಡಿ ಅಂತ ವರ್ಸಗಟ್ಲೆಯಿಂದ ಪ್ರಾಣ ತಿಂತಿದ್ದ. ಈಗ ನೋಡಿ, ತಾನೇ ಅತ್ತಿ ಕೀಳ್ತಾವ್ನೆ!"

"ಹೆರಿಗೆಗೆ ಬಂದ ಮಗಳನ್ನ ಒಳಗೆ ಮಲಗಿಸಿ, ತನ್ನ ತಲೆ ಮೇಲಿನ ಸೂರು ತಾನೇ ಕೀಳೋನು ಲೋಕದಲ್ಲಿ ಇದ್ದಾನೇನ್ರೀ? ನನಗೇ ಕಥೆ ಹೇಳ್ತೀರಾ? ಸಂಜೆಯೊಳಗೆ ಹೊಸ ಹಂಚು ಹೊದಿಸಿ. ಇಲ್ಲದಿದ್ದರೆ ಠಾಣೆಗೆ ನಡೀರಿ!"

ಸಿದ್ದಮಲ್ಲಪ್ಪ ಸೂರಿನ ಕಿಂಡಿಗೆ ಬಾಗಿ ಮೆಲ್ಲಗೆ ಕರೆದ: "ಮಂಗಳಗೌರಿ, ಕೂಸನ್ನ ಎತ್ಕೊಂಡು ಜಗಲಿಗೆ ಬಾರವ್ವ. ಮಾಲೀಕ್ರು ಸೂರು ಮಾಡಿಸ್ತಾವ್ರೆ."