ರಾಕ್ಷಸನ ಪ್ರಾಣ ಎಲ್ಲಿದೆ?

ರಸ್ತೆ ಅಗಲ ಮಾಡಲು ಮನೆಯ ಮುಂಭಾಗ ಒಡೆಯುವ ದಿನ ಅಜ್ಜಿ ಅಲ್ಲಿರಬಾರದೆಂದು ಮನೆಯವರೆಲ್ಲ ಗುಟ್ಟಾಗಿ ಮಾತಾಡಿಕೊಂಡಿದ್ದರು. ಹಾಗಾಗಿ ಮೊಮ್ಮಗಳು ಅವಳನ್ನು ದೈತ್ಯಪ್ರಾಣಿಯ ಸಿನಿಮಾಕ್ಕೆ ಕರೆತಂದಳು. ಅದಕ್ಕೆ ಭಾಷೆಯೂ ಬೇಡ, ತಲೆಯೂ ಬೇಡ. ಬಾಯಿ ಬಿಟ್ಟುಕೊಂಡು ಕೂತರೆ ಎರಡು ಗಂಟೆ ಕಳೆದೇ ಹೋಗುತ್ತದೆ.

ಪರದೆಯ ಮೇಲೆ ಬೆಟ್ಟದಂಥ ಹಲ್ಲಿಯೊಂದು ಮಹಡಿಮನೆಗಳನ್ನು ಹಪ್ಪಳದಂತೆ ಮುರಿಯುತ್ತಿತ್ತು. ಅಜ್ಜಿ ಮಡಿಲಿನ ಚೀಲವನ್ನು ಅವುಚಿಕೊಂಡು ನೋಡುತ್ತಿದ್ದಳು.

"ಇದರ ಪ್ರಾಣ ಎಲ್ಲಿದೆಯೇ? ನನ್ನ ಕಥೇಲಿ ರಾಕ್ಷಸನ ಪ್ರಾಣ ಗಿಳೀಲಿರ್ತಿತ್ತು."

"ಇದಕ್ಕೆ ಗಿಳಿ ಏನೂ ಇಲ್ಲ ಅಜ್ಜಿ. ಬರತ್ತೆ, ಒಡೆಯತ್ತೆ, ಹೋಗತ್ತೆ."

"ಹಾಗಾದ್ರೆ ಯಾರೇನು ಮಾಡಕ್ಕಾಗತ್ತೆ, ಬಿಡು."

ಅಷ್ಟರಲ್ಲಿ ಅಪ್ಪನ ಮೆಸೇಜು ಬಂತು: "ಜೆಸಿಬಿ ದೇವರಮನೆ ಗೋಡೆಗೆ ಬಂತು. ವಿಗ್ರಹಗಳು ಎಲ್ಲೂ ಕಾಣ್ತಿಲ್ಲ. ಅಜ್ಜಿಗೆ ಹೇಳ್ಬೇಡ."

ಮೊಮ್ಮಗಳು ಅಜ್ಜಿಗೆ ಕಾಣದಂತೆ ಫೋನನ್ನು ಮಗುಚಿ ಇಟ್ಟುಕೊಂಡಳು. ಸಿನಿಮಾ ಮುಗಿದು ದೀಪ ಹತ್ತಿದಾಗ ಹೇಗೋ ನಗು ತಂದುಕೊಂಡಳು.

"ಇನ್ನೊಂದು ಆಟ ನೋಡೋಣ್ವಾ ಅಜ್ಜಿ?"

"ನೋಡೋಣ ಕಣೆ. ಅಲ್ಲೀವರೆಗೆ ಇದನ್ನ ಸ್ವಲ್ಪ ಹಿಡ್ಕೊ, ತೊಡೆ ಜೋಮು ಹಿಡಿದಿದೆ."

ಚಕ್ಕುಲಿ ಡಬ್ಬಿ ಇರಬೇಕೆಂದು ಮೊಮ್ಮಗಳು ಚೀಲದ ಬಾಯಿ ಬಿಚ್ಚಿದಳು. ಒಳಗೆ ದೇವರುಗಳೆಲ್ಲ ಬೆಳಗಿನ ಹೂವು ಮುಡಿದುಕೊಂಡೇ ಕೂತಿದ್ದರು.