ಒಂದೂಕಾಲು ಗಂಟೆಯ ದಾರಿ

ರವೂಫ್ ಬಾಡಿಗೆ ಕಾರಿನಿಂದ ಇಳಿದಾಗ ಅಂಗಳದ ಗಂಡಸರ ಕೈಗಳಲ್ಲಿ ಇನ್ನೂ ಮಣ್ಣಿತ್ತು. ಉಮ್ಮನ ದಫನ ಮುಗಿದಿತ್ತು. ಮಗ ಹಾಕಬೇಕಿದ್ದ ಮೂರು ಹಿಡಿ ಮಣ್ಣು ಬಾಕಿಯಾಗಿತ್ತು.

"ಬೆಳಗಾವಿ ಮುನ್ನೂರು ಮೈಲಿ ಉಂಟು ಮಾರಾಯ. ಬಸ್ಸಿಗೆ ಎರಡು ದಿನ. ಮಯ್ಯತ್ ಇಟ್ಟು ಕಾಯ್ಲಿಕ್ಕೆ ಆಗ್ತದಾ?" ಎಂದರು ಅದ್ರಾಮ ಕಾಕ.

"ವಿಮಾನದಲ್ಲಿ ಬಂದೆ ಕಾಕ. ಬಜ್ಪೆಗೆ ಒಂದೂಕಾಲು ಗಂಟೆ."

"ಅಷ್ಟೇಯಾ! ನಮಗೆ ಯಾರು ಹೇಳಿದ್ದಾರೆ?"

ತಂಗಿ ಲೈಲಾ ಬಾಗಿಲ ಮರೆಯಿಂದ ಹೊರಬಂದಳು. ಬೆಳಗ್ಗೆ ತಾನು ಮೂರು ಸಲ ಓದಿ ಹೇಳಿದ್ದ ಅಣ್ಣನ ತಂತಿಯನ್ನು ಕಾಕನ ಕೈಯಲ್ಲಿಟ್ಟಳು.

"ನಾನು ಹೇಳಿದ್ದೇನೆ. ಹೆಂಗಸರಿಗೆ ಎಂತ ಗೊತ್ತುಂಟು, ಒಳಗೆ ಹೋಗು ಅಂದದ್ದು ನೀವು."

ಕಾಕ ಅವಳತ್ತ ನೋಡಲಿಲ್ಲ. ತಂತಿಯನ್ನು ರವೂಫನತ್ತ ಚಾಚಿದರು. "ಎಂತ ಬರೆದದ್ದು, ನೀನೇ ಓದು ಮಾರಾಯ."

ರವೂಫ್ ಕೈ ನೀಡಲಿಲ್ಲ. "ಅವಳು ಓದಿದ್ದಾಳಲ್ಲ ಕಾಕ."